ಮಂಡೇ ನೈಟ್ರೋ: ಮೊದಲ ಗಂಟೆಗೆ ಐದು ಸ್ಟಾರ್, ಕೊನೇ ಗಂಟೆಗೆ ಎರಡು

ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯೂಸಿಡಬ್ಲ್ಯೂದ ಟಿವಿ ಶೋ ‘ಮಂಡೇ ನೈಟ್ರೋ’ಗೆ ಒಟ್ಟು ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಆದರೆ ಆ ಮೂರೂವರೆಯನ್ನು ನಂಬಿಕೊಂಡು ನೋಡಲು ಕೂರಬೇಡಿ. ಒಂದೇ ರಾತ್ರಿಯ ಶೋದಲ್ಲಿ ಕಣ್ಣು ಮಿಟುಕಿಸದೆ ನೋಡುವಂಥದ್ದೂ ಇರುತ್ತದೆ, ರಿಮೋಟ್ ಎಲ್ಲಿ ಅಂತ ಹುಡುಕುವಂಥದ್ದೂ ಇರುತ್ತದೆ. ಹಲವು ವರ್ಷಗಳಿಂದ ಇದನ್ನು ಬಿಟ್ಟು ಬಿಟ್ಟು ನೋಡುತ್ತಾ ಬಂದಿದ್ದೇನೆ. ಇಷ್ಟವಾದ ಭಾಗಗಳನ್ನು ಮತ್ತೆ ಮತ್ತೆ ನೋಡಿದ್ದೇನೆ. ನನಗೆ ಕಂಡಿದ್ದು ಇಷ್ಟು: ಪೋಸ್ಟರ್‌ನಲ್ಲಿ ದೊಡ್ಡದಾಗಿ ಮುಖ ಹಾಕಿಸಿಕೊಂಡವರಿಗಿಂತ, ಪೋಸ್ಟರ್‌ನಲ್ಲಿ ಜಾಗವೇ ಸಿಗದವರು ಈ ಶೋವನ್ನು ಇವತ್ತಿಗೂ ನೋಡುವ ಹಾಗೆ ಉಳಿಸಿದ್ದಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1995ರ ಸೆಪ್ಟೆಂಬರ್ 4ರಿಂದ 2001ರ ಮಾರ್ಚ್ 26ರವರೆಗೆ ಅಮೆರಿಕದ ಟಿಎನ್‌ಟಿ ಚಾನೆಲ್‌ನಲ್ಲಿ ಸೋಮವಾರ ರಾತ್ರಿ ಬರುತ್ತಿದ್ದ ಕುಸ್ತಿ ಶೋ ಇದು. ಅದೇ ರಾತ್ರಿ ಇನ್ನೊಂದು ಚಾನೆಲ್‌ನಲ್ಲಿ ವಿನ್ಸ್ ಮೆಕ್‌ಮ್ಯಾನ್‌ರ ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯ ‘ರಾ’ ಬರುತ್ತಿತ್ತು. ಅದೇ ಕಂಪನಿ ಈಗ ಡಬ್ಲ್ಯೂಡಬ್ಲ್ಯೂಇ. ನೈಟ್ರೋ ಹಿಂದೆ ಇದ್ದಿದ್ದು ಟಿಎನ್‌ಟಿ ಕಟ್ಟಿದ ಟೆಡ್ ಟರ್ನರ್‌ರ ದುಡ್ಡು ಮತ್ತು ಶೋ ನಡೆಸುತ್ತಿದ್ದ ಎರಿಕ್ ಬಿಷಫ್‌ರ ಮೊಂಡುತನ. ಗೆಲ್ಲುವವರು ಯಾರು ಅಂತ ಮೊದಲೇ ಬರೆದಿಟ್ಟಿರುತ್ತಾರೆ, ಅದು ಎಲ್ಲರಿಗೂ ಗೊತ್ತು. ಹಾಗಾಗಿ ‘ಇದು ನಿಜವಾ ಸುಳ್ಳಾ’ ಅನ್ನುವ ಚರ್ಚೆ ಇಲ್ಲಿ ಬೇಡ.

ಮೊದಲ ಎಪಿಸೋಡ್ ನಡೆದಿದ್ದು ಮಿನ್ನೆಸೋಟಾದ ಮಾಲ್ ಆಫ್ ಅಮೆರಿಕಾದಲ್ಲಿ. ಸ್ಟೇಡಿಯಂ ಅಲ್ಲ, ಮಾಲ್! ಮಧ್ಯದಲ್ಲಿ ರಿಂಗ್, ಮೇಲಿನ ಮಹಡಿಗಳ ಕಟಕಟೆಗೆ ಒರಗಿ ನಿಂತ ಜನ. ಶುರುವಾಗಿದ್ದೇ ಬ್ರಯನ್ ಪಿಲ್‌ಮನ್ ಮತ್ತು ಜಪಾನಿನ ಜುಶಿನ್ ಥಂಡರ್ ಲೈಗರ್ ನಡುವಿನ ಕುಸ್ತಿಯಿಂದ. ಇಬ್ಬರೂ ಗಾಳಿಯಲ್ಲಿ ಹಾರುವವರು, ಇಬ್ಬರೂ ದೊಡ್ಡ ಆಳುಗಳಲ್ಲ. ಆಮೇಲೆ ರಿಕ್ ಫ್ಲೇರ್ ಮತ್ತು ಸ್ಟಿಂಗ್ ಆಡುತ್ತಿರುವಾಗ ಲೆಕ್ಸ್ ಲೂಗರ್ ನಡೆದುಕೊಂಡು ಬರುತ್ತಾನೆ. ಹಿಂದಿನ ದಿನದವರೆಗೂ ಎದುರಾಳಿ ಕಂಪನಿಯ ಶೋಗಳಲ್ಲಿ ಆಡುತ್ತಿದ್ದವನು ಇವತ್ತು ಇಲ್ಲಿ! ಇಂಟರ್ನೆಟ್ ಇನ್ನೂ ಮನೆಮನೆಗೆ ಬರದ ಕಾಲ. ಯಾರಿಗೂ ಸುಳಿವೇ ಇರಲಿಲ್ಲ. ಕೊನೆಯಲ್ಲಿ ಹಲ್ಕ್ ಹೋಗನ್ ಮತ್ತು ಬಿಗ್ ಬಬ್ಬಾ. ಅದು ಬೇಡ, ಬಿಡಿ. ಒಂದೇ ಗಂಟೆಯ ಈ ಎಪಿಸೋಡ್ ನೋಡಿದರೆ ಮುಂದಿನ ಐದೂವರೆ ವರ್ಷದ ಕಥೆ ಆಗಲೇ ಅರ್ಥವಾಗುತ್ತದೆ: ಶುರು ಚೆನ್ನ, ಮಧ್ಯೆ ಒಂದು ಶಾಕ್, ಕೊನೆಗೆ ಹೋಗನ್.

ನೈಟ್ರೋದ ನಿಜವಾದ ಬಂಡವಾಳ ಲೈವ್ ಪ್ರಸಾರ. ರಾ ಶೋದ ಎಷ್ಟೋ ಎಪಿಸೋಡ್‌ಗಳನ್ನು ಮೊದಲೇ ರೆಕಾರ್ಡ್ ಮಾಡಿ ಇಟ್ಟಿರುತ್ತಿದ್ದರು. ಇದನ್ನು ಬಳಸಿಕೊಂಡು ಬಿಷಫ್ ಕಾಮೆಂಟರಿ ಮಾಡುತ್ತಲೇ ‘ಆ ಚಾನೆಲ್‌ಗೆ ಹೋಗಬೇಡಿ, ಅಲ್ಲಿ ಇವತ್ತು ಇಂಥವನು ಗೆಲ್ಲುತ್ತಾನೆ’ ಅಂತ ಫಲಿತಾಂಶ ಬಿಚ್ಚಿಡುತ್ತಿದ್ದರು. ಚಿಲ್ಲರೆ ಬುದ್ಧಿ, ನಿಜ. ಆದರೆ ಈಗ ನೋಡುವಾಗ ಮಜಾ ಕೊಡುತ್ತದೆ. 1995ರ ಡಿಸೆಂಬರ್‌ನಲ್ಲಿ ಕುಸ್ತಿಪಟು ಮಡೂಸಾ ಎದುರಾಳಿ ಕಂಪನಿಯ ಮಹಿಳಾ ಚಾಂಪಿಯನ್ ಬೆಲ್ಟನ್ನು ತಂದು ಕ್ಯಾಮೆರಾ ಮುಂದೆಯೇ ಕಸದ ಬುಟ್ಟಿಗೆ ಹಾಕಿದ ದೃಶ್ಯವೂ ಇದೇ ಜಾತಿಯದ್ದು.

1996ರ ಮೇ 27ರಂದು ಶೋ ಎರಡು ಗಂಟೆಗೆ ಏರಿತು. ಅವತ್ತೇ ಜಾರ್ಜಿಯಾದ ಮೇಕನ್‌ನಲ್ಲಿ ಸ್ಕಾಟ್ ಹಾಲ್ ಜನರ ಮಧ್ಯದಿಂದ ಎದ್ದು ಬಂದು ರಿಂಗ್ ಹತ್ತಿದ. ಮೈಕ್ ಈನೋಸ್ ಮತ್ತು ಸ್ಟೀವ್ ಡಾಲ್ ಪಾಪ ತಮ್ಮ ಪಾಡಿಗೆ ಆಡುತ್ತಿದ್ದರು. ಅವರ ಕುಸ್ತಿ ಅಲ್ಲಿಗೇ ನಿಂತಿತು. ಎರಡು ವಾರ ಕಳೆದ ಮೇಲೆ ಕೆವಿನ್ ನ್ಯಾಶ್ ಬಂದ. ಜುಲೈ 7ರಂದು ‘ಬ್ಯಾಶ್ ಅಟ್ ದಿ ಬೀಚ್’ನಲ್ಲಿ ಇವರ ಗ್ಯಾಂಗ್‌ನ ಮೂರನೆಯವನು ಯಾರು ಅಂತ ಗೊತ್ತಾಯಿತು. ಮಕ್ಕಳ ಹೀರೋ ಆಗಿದ್ದ ಹೋಗನ್! ಜನ ಕೈಗೆ ಸಿಕ್ಕಿದ್ದನ್ನೆಲ್ಲ ರಿಂಗ್‌ಗೆ ಎಸೆದರು. ಅದು ನೈಟ್ರೋ ಎಪಿಸೋಡ್ ಅಲ್ಲ, ಬೇರೆಯಾಗಿ ದುಡ್ಡು ಕೊಟ್ಟು ನೋಡಬೇಕಾಗಿದ್ದ ಶೋ. ಆದರೂ ಅದನ್ನು ನೋಡದೆ ಮುಂದೆ ಹೋಗಬೇಡಿ.

ಈ ಮೂವರ ಎನ್‌ಡಬ್ಲ್ಯೂಓ (ನ್ಯೂ ವರ್ಲ್ಡ್ ಆರ್ಡರ್) ಗ್ಯಾಂಗ್‌ನ ಮೊದಲ ಕೆಲವು ತಿಂಗಳು ಇವತ್ತಿಗೂ ಮಂಕಾಗಿಲ್ಲ. 1996ರ ಜುಲೈನಲ್ಲಿ ಡಿಸ್ನಿ ಎಂಜಿಎಂ ಸ್ಟುಡಿಯೋಸ್‌ನಲ್ಲಿ ನಡೆದ ಎಪಿಸೋಡ್ ನೋಡಿ. ನ್ಯಾಶ್ ಪುಟ್ಟ ರೇ ಮಿಸ್ಟೀರಿಯೋನನ್ನು ಎತ್ತಿ, ನಿಂತಿದ್ದ ಟ್ರೇಲರ್ ಗೋಡೆಗೆ ತಲೆ ಮುಂದಾಗಿ ಬಿಸಾಡುತ್ತಾನೆ. ಕ್ಯಾಮೆರಾ ಅಲ್ಲಾಡುತ್ತಿದೆ, ಯಾರು ಎಲ್ಲಿಗೆ ಓಡುತ್ತಿದ್ದಾರೆ ಗೊತ್ತಾಗುವುದಿಲ್ಲ, ಕಾಮೆಂಟರಿ ಹೇಳುವವರ ದನಿಯಲ್ಲೇ ಗಾಬರಿ. ಎಲ್ಲ ನಾಟಕ ಅಂತ ಗೊತ್ತಿದ್ದೂ ಎದೆ ಧಸಕ್ ಅನ್ನುತ್ತದೆ. ಸತತ 83 ವಾರ ರಾ ಶೋವನ್ನು ರೇಟಿಂಗ್‌ನಲ್ಲಿ ಹಿಂದೆ ಹಾಕಿದ್ದು ಸುಮ್ನೆ ಅಲ್ಲ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಎರಡು ಗಂಟೆ ತುಂಬಿಸಬೇಕು, ದೊಡ್ಡ ಸ್ಟಾರ್‌ಗಳು ಹತ್ತು ನಿಮಿಷಕ್ಕಿಂತ ಹೆಚ್ಚು ಬೆವರು ಹರಿಸುವುದಿಲ್ಲ. ಹಾಗಾದರೆ ಏನು ಮಾಡುವುದು? ಬಿಷಫ್ ಮೆಕ್ಸಿಕೋದಿಂದ, ಜಪಾನಿನಿಂದ, ಕೆನಡಾದಿಂದ ಸಣ್ಣ ಮೈಕಟ್ಟಿನ ಆಟಗಾರರನ್ನು ಕರೆತಂದರು. ಕ್ರೂಸರ್‌ವೇಟ್ ಅಂತ ಒಂದು ವಿಭಾಗ ಕಟ್ಟಿದರು. ರೇ ಮಿಸ್ಟೀರಿಯೋ, ಎಡ್ಡಿ ಗೆರೆರೋ, ಡೀನ್ ಮಲೆಂಕೋ, ಅಲ್ಟಿಮೋ ಡ್ರಾಗನ್, ಹುವೆಂಟುಡ್ ಗೆರೆರಾ, ಸೈಕೋಸಿಸ್... ಮೊದಲ ಗಂಟೆ ಪೂರ್ತಿ ಇವರದ್ದೇ. ಮೆಕ್ಸಿಕೋದವರ ಪಟ್ಟುಗಳನ್ನು ಕಾಮೆಂಟರಿ ಹೇಳುವ ಮೈಕ್ ಟೆನೇ ಹೆಸರು ಹಿಡಿದು ವಿವರಿಸುತ್ತಿದ್ದುದು ಇನ್ನೊಂದು ಖುಷಿ. ಆತ ಮನೆಪಾಠ ಮಾಡಿಕೊಂಡು ಬಂದು ಕೂತಿದ್ದಾನೆ ಅನ್ನುವುದು ಕೇಳಿದ ತಕ್ಷಣ ಗೊತ್ತಾಗುತ್ತದೆ. ಅಸ್ಥಿಪಂಜರದ ವೇಷ ಹಾಕಿಕೊಂಡು ಕುರ್ಚಿ ಹಿಡಿದು ಕುಣಿಯುವ ಲಾ ಪಾರ್ಕಾನಂತೂ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ ಇರಬೇಕು. ಆದರೂ ಅವನು ಬಂದರೆ ನಾನು ಫಾರ್ವರ್ಡ್ ಒತ್ತುವುದಿಲ್ಲ.

ಕ್ರಿಸ್ ಜೆರಿಕೋ ಇದೇ ಮೊದಲ ಗಂಟೆಯ ಹುಡುಗ. ಮಲೆಂಕೋಗೆ ‘ಸಾವಿರ ಪಟ್ಟುಗಳ ಸರದಾರ’ ಅನ್ನುವ ಬಿರುದಿತ್ತು. 1998ರ ಮಾರ್ಚ್‌ನಲ್ಲಿ ಜೆರಿಕೋ ಉದ್ದದ ಕಾಗದದ ಕಂತೆ ಹಿಡಿದು ಬಂದು, ನನಗೆ 1004 ಪಟ್ಟು ಗೊತ್ತು ಅಂತ ಓದಲು ಶುರು ಮಾಡಿದ. ಎರಡಕ್ಕೊಮ್ಮೆ ‘ಆರ್ಮ್‌ಬಾರ್’ ಅನ್ನುವ ತೋಳಿನ ಪಟ್ಟು. ಜಾಹೀರಾತು ಮುಗಿಸಿ ಬಂದರೆ ಇನ್ನೂ ಓದುತ್ತಲೇ ಇದ್ದಾನೆ! ಇದಕ್ಕೆ ಖರ್ಚಾಗಿದ್ದು ಒಂದಷ್ಟು ಕಾಗದ, ಅಷ್ಟೇ. ಆ ವರ್ಷದ ಎಷ್ಟೋ ಮುಖ್ಯ ಪಂದ್ಯಗಳಿಗಿಂತ ಇದೇ ನೆನಪಲ್ಲಿ ಉಳಿಯುತ್ತದೆ.

ಅದೇ ವರ್ಷ ಬುಕರ್ ಟಿ ಮತ್ತು ಕ್ರಿಸ್ ಬೆನ್ವಾ ನಡುವೆ ಏಳು ಪಂದ್ಯಗಳ ಸರಣಿ ನಡೆಯಿತು. ಕುಸ್ತಿ ಅಂತ ನೋಡಿದರೆ ಬಹಳ ಚೆನ್ನಾಗಿದೆ. ಆದರೆ ಬೆನ್ವಾ 2007ರಲ್ಲಿ ಹೆಂಡತಿಯನ್ನೂ ಪುಟ್ಟ ಮಗನನ್ನೂ ಕೊಂದು ತಾನೂ ಪ್ರಾಣ ಕಳೆದುಕೊಂಡ. ಆ ಹೆಂಡತಿ ನ್ಯಾನ್ಸಿ ಕೂಡ ಈ ಶೋದಲ್ಲಿ ಆಗಾಗ ಕಾಣಿಸುತ್ತಾಳೆ. ನನಗೆ ಆ ಭಾಗಗಳನ್ನು ನೋಡಲು ಆಗುವುದಿಲ್ಲ, ದಾಟಿಸಿಬಿಡುತ್ತೇನೆ. ಹೊಸದಾಗಿ ನೋಡುವವರಿಗೆ ಮೊದಲೇ ಗೊತ್ತಿರಲಿ ಅಂತ ಹೇಳಿದೆ.

ಕೊನೇ ಗಂಟೆಯ ಕಥೆಯೇ ಬೇರೆ. ಮುಖ್ಯ ಪಂದ್ಯ ಶುರುವಾಗುತ್ತದೆ. ಮೂರು ನಿಮಿಷಕ್ಕೆ ಎನ್‌ಡಬ್ಲ್ಯೂಓ ಗುಂಪು ಓಡಿ ಬರುತ್ತದೆ. ಎಲ್ಲರೂ ಸೇರಿ ಒಬ್ಬನನ್ನು ಚಚ್ಚುತ್ತಾರೆ, ಬೆನ್ನಿಗೆ ಸ್ಪ್ರೇ ಪೇಂಟ್ ಹೊಡೆಯುತ್ತಾರೆ. ಕಾಮೆಂಟರಿಯ ಟೋನಿ ಶಿವಾನಿ ‘ಟೈಮ್ ಆಯ್ತು, ಟೈಮ್ ಆಯ್ತು’ ಅಂತ ಕೂಗುತ್ತಾರೆ. ಪರದೆ ಕಪ್ಪು. ಯಾರು ಗೆದ್ದರು? ಯಾರೂ ಇಲ್ಲ. ಇದು 1996ರಲ್ಲಿ ರೋಮಾಂಚನ, 1997ರಲ್ಲಿ ಅಭ್ಯಾಸ, 1998ರಲ್ಲಿ ಹಿಂಸೆ. ವಾರಕ್ಕೊಂದರಂತೆ ನೋಡಿದವರಿಗೆ ಇದು ಅಷ್ಟಾಗಿ ಕಾಡಿರಲಿಕ್ಕಿಲ್ಲ. ನಮ್ಮ ಹಾಗೆ ಒಂದರ ಹಿಂದೆ ಒಂದು ಹಾಕಿಕೊಂಡು ಕೂತರೆ ಹಾಡಿದ್ದೇ ಹಾಡೋ ಕಿಸಬಾಯಿದಾಸನ ಸಹವಾಸ.

1997ರ ಡಿಸೆಂಬರ್ 22ರ ಎಪಿಸೋಡ್ ಒಂದನ್ನು ಯಾರೂ ನೋಡಬೇಡಿ. ಎನ್‌ಡಬ್ಲ್ಯೂಓ ಶೋವನ್ನೇ ವಶಪಡಿಸಿಕೊಂಡಿತು ಅಂತ ಕಥೆ. ಹಾಗಾಗಿ ಹಳೇ ಸೆಟ್ಟನ್ನು ಬಿಚ್ಚಿ ಹೊಸ ಬ್ಯಾನರ್ ಕಟ್ಟುವುದನ್ನು ತುಂಬಾ ಹೊತ್ತು ತೋರಿಸುತ್ತಾರೆ. ಶಾಮಿಯಾನ ಬಿಚ್ಚುವುದನ್ನು ಟಿಕೆಟ್ ತೆಗೆದುಕೊಂಡು ನೋಡಿದ ಹಾಗೆ!

ಸ್ಟಿಂಗ್ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಮುಖಕ್ಕೆ ಕಪ್ಪು ಬಿಳುಪು ಬಣ್ಣ ಬಳಿದುಕೊಂಡು, ಮಾತೇ ಆಡದೆ, ಕುಸ್ತಿಯೂ ಆಡದೆ, ಸ್ಟೇಡಿಯಂ ಛಾವಣಿಯ ಕಂಬಿಗಳಲ್ಲಿ ನಿಂತು ನೋಡುತ್ತಿದ್ದ. ಹಗ್ಗ ಹಿಡಿದು ಮೇಲಿನಿಂದ ಇಳಿಯುತ್ತಿದ್ದ. ಟಿವಿಯಲ್ಲಿ ಇಷ್ಟು ತಾಳ್ಮೆಯಿಂದ ಕಟ್ಟಿದ ಕುಸ್ತಿ ಕಥೆ ನಾನು ಬೇರೆ ನೋಡಿಲ್ಲ. ಎಲ್ಲ 1997ರ ಡಿಸೆಂಬರ್ 28ರ ದೊಡ್ಡ ಶೋ ಸ್ಟಾರ್‌ಕೇಡ್‌ಗೆ, ಹೋಗನ್ ಜೊತೆಗಿನ ಒಂದೇ ಪಂದ್ಯಕ್ಕೆ. ಅಲ್ಲಿ ಏನಾಯಿತು? ಹೋಗನ್ ಸ್ಟಿಂಗ್‌ನನ್ನು ನೆಲಕ್ಕೆ ಒತ್ತಿ ಹಿಡಿದಾಗ ರೆಫರಿ ನಿಕ್ ಪ್ಯಾಟ್ರಿಕ್ ಮೋಸದಿಂದ ಬೇಗ ಮೂರು ಎಣಿಸಬೇಕಿತ್ತು. ಆತ ಮಾಮೂಲಿ ವೇಗದಲ್ಲಿ ಎಣಿಸಿದ. ಹಾಗಾಗಿ ಸ್ಟಿಂಗ್ ಸೀದಾ ಸೋತ ಹಾಗೆ ಕಾಣಿಸಿತು. ಆಮೇಲೆ ಇನ್ನೊಬ್ಬ ಕುಸ್ತಿಪಟು ಬ್ರೆಟ್ ಹಾರ್ಟ್ ಬಂದು ಪಂದ್ಯ ಮತ್ತೆ ಶುರು ಮಾಡಿಸಿ, ಸ್ಟಿಂಗ್ ಗೆದ್ದ. ಆದರೆ ಆ ಗೆಲುವಿಗೆ ಉಪ್ಪು ಖಾರ ಇರಲಿಲ್ಲ. ವರ್ಷವಿಡೀ ಕಾದವರಿಗೆ ಇದಾ ಕೊಡುವುದು?

1998ರ ಜನವರಿಯಲ್ಲಿ ಶೋ ಮೂರು ಗಂಟೆಗೆ ಬೆಳೆಯಿತು. ಅದೇ ತಿಂಗಳು ‘ಥಂಡರ್’ ಅಂತ ಇನ್ನೊಂದು ವಾರದ ಶೋ ಬೇರೆ. ಅಷ್ಟು ಹೊತ್ತು ತುಂಬಿಸುವ ಸರಕು ಯಾರ ಹತ್ತಿರ ಇರುತ್ತದೆ? ಆ ವರ್ಷವನ್ನು ಹಿಡಿದು ನಿಲ್ಲಿಸಿದವನು ಗೋಲ್ಡ್‌ಬರ್ಗ್. ಎರಡು ನಿಮಿಷದಲ್ಲಿ ಪಂದ್ಯ ಮುಗಿಸಿ ಹೋಗುವವನು. ನೋಡಲು ಬಹಳ ಸುಲಭ. ಒಂದು ತಮಾಷೆ ಅಂದರೆ ಅವನ ಗೆಲುವಿನ ಲೆಕ್ಕ. ಸರಿಯಾಗಿ ಎಣಿಸಿಕೊಂಡು ನೋಡಿದರೆ, ಕಾಮೆಂಟರಿಯವರು ಹೇಳುವ ಸಂಖ್ಯೆ ವಾರದಿಂದ ವಾರಕ್ಕೆ ತಾನಾಗಿಯೇ ಉಬ್ಬುತ್ತಾ ಹೋಗುತ್ತದೆ. ಕೊನೆಗೆ 173 ಅಂದರು. ಇರಲಿ. 1998ರ ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಸುಮಾರು 40 ಸಾವಿರ ಜನರ ಮುಂದೆ ಅವನು ಹೋಗನ್‌ನನ್ನು ಸೋಲಿಸಿದ ರಾತ್ರಿ ಮಾತ್ರ ಅದ್ಭುತ. ಕೊನೇ ಗಂಟೆ ಸರಿಯಾಗಿ ಕೆಲಸ ಮಾಡಿದ ಅಪರೂಪದ ದಿನ ಅದು. ದುಡ್ಡು ಕೊಟ್ಟು ನೋಡುವ ಶೋಗೆ ಇಡಬಹುದಾಗಿದ್ದ ಪಂದ್ಯವನ್ನು ಟಿವಿಯಲ್ಲೇ ಹಾಕಿಬಿಟ್ಟರು. ವ್ಯಾಪಾರದ ಲೆಕ್ಕದಲ್ಲಿ ದಡ್ಡತನ, ನೋಡುಗನಿಗೆ ಹಬ್ಬ. ಸೆಪ್ಟೆಂಬರ್ 14ರಂದು ಗ್ರೀನ್‌ವಿಲ್‌ನಲ್ಲಿ ರಿಕ್ ಫ್ಲೇರ್ ವಾಪಸ್ ಬಂದು ಕಣ್ಣೀರು ಹಾಕುತ್ತಾ ಮಾತಾಡಿದ ಎಪಿಸೋಡನ್ನೂ ಇದರ ಜೊತೆಗೆ ನೋಡಿ.

ಆರು ತಿಂಗಳು ಆದ ಮೇಲೆ ಅದೇ ಜಾರ್ಜಿಯಾ ಡೋಮ್, 1999ರ ಜನವರಿ 4. ಹೋಗನ್ ಒಂದು ಬೆರಳಿನಿಂದ ನ್ಯಾಶ್ ಎದೆಗೆ ಚುಚ್ಚುತ್ತಾನೆ. ನ್ಯಾಶ್ ಗುಂಡು ತಗುಲಿದವನ ಹಾಗೆ ಬಿದ್ದು ಸೋತು ಚಾಂಪಿಯನ್ ಬೆಲ್ಟ್ ಬಿಟ್ಟುಕೊಡುತ್ತಾನೆ. ಅದೇ ರಾತ್ರಿ, ರಾ ಶೋದಲ್ಲಿ ಮಿಕ್ ಫೋಲಿ ಬೆಲ್ಟ್ ಗೆಲ್ಲುತ್ತಾನೆ ಅಂತ ಶಿವಾನಿಯಿಂದ ವ್ಯಂಗ್ಯವಾಗಿ ಹೇಳಿಸಿದರು. ಕೇಳಿದ ಲಕ್ಷಾಂತರ ಜನ ಆ ಚಾನೆಲ್‌ಗೇ ಹೋದರು! ಫಲಿತಾಂಶ ಹೇಳಿಬಿಡುವ ಹಳೇ ಚಾಳಿ ಕೊನೆಗೆ ಇವರಿಗೇ ತಿರುಗಿತು.

ಆದರೆ ನನ್ನ ಪ್ರಕಾರ ನೈಟ್ರೋಗೆ ನಿಜವಾದ ಪೆಟ್ಟು ಬಿದ್ದಿದ್ದು ಆ ಬೆರಳಿನಿಂದ ಅಲ್ಲ. 1999ರ ಆಗಸ್ಟ್‌ನಲ್ಲಿ ಜೆರಿಕೋ ರಾ ಶೋದಲ್ಲಿ ಕಾಣಿಸಿಕೊಂಡ. 2000ದ ಜನವರಿ ಕೊನೆಯಲ್ಲಿ ಎಡ್ಡಿ ಗೆರೆರೋ, ಮಲೆಂಕೋ, ಬೆನ್ವಾ, ಪೆರ್ರಿ ಸ್ಯಾಟರ್ನ್ ನಾಲ್ವರೂ ಒಟ್ಟಿಗೆ ಅಲ್ಲಿ ಕುಳಿತಿದ್ದರು. ಅಂದರೆ ಮೊದಲ ಗಂಟೆಯೇ ಎದ್ದು ಹೋಯಿತು. ಉಳಿದಿದ್ದು ಕೊನೇ ಗಂಟೆ ಮಾತ್ರ. ಅದನ್ನೇ ನಂಬಿಕೊಂಡು ಶೋ ಇನ್ನೂ ಒಂದು ವರ್ಷ ತೆವಳಿತು. 2001ರ ಮಾರ್ಚ್‌ನಲ್ಲಿ ವಿನ್ಸ್ ಮೆಕ್‌ಮ್ಯಾನ್ ಕಂಪನಿಯನ್ನೇ ಕೊಂಡುಕೊಂಡರು.

ನೋಡಬೇಕು ಅನ್ನುವವರು 1996ರ ಮೇ 27ರಿಂದ ಶುರು ಮಾಡಿ, 1998ರ ಸೆಪ್ಟೆಂಬರ್‌ವರೆಗೆ ನೋಡಿ. 1997ರ ಮಧ್ಯದಿಂದ ಕೊನೇ ಅರ್ಧ ಗಂಟೆಯನ್ನು ಧೈರ್ಯವಾಗಿ ಓಡಿಸಬಹುದು, ಕಥೆ ಏನೂ ತಪ್ಪುವುದಿಲ್ಲ. ಮುಂದಿನ ವಾರದ ಶುರುವಿನಲ್ಲಿ ಅದನ್ನೇ ಮತ್ತೆ ತೋರಿಸುತ್ತಾರೆ. ಸ್ಟ್ರೀಮಿಂಗ್‌ನಲ್ಲಿ ಸಿಗುವ ಪ್ರತಿಗಳಲ್ಲಿ ಜಾಹೀರಾತು ತೆಗೆದಿದ್ದಾರೆ. ಆದರೆ ಜಾಹೀರಾತಿನ ವೇಳೆ ನಡೆದ ಕುಸ್ತಿ ಎಲ್ಲಿಂದ ಬರಬೇಕು? ಹಾಗಾಗಿ ನಿಂತಿದ್ದವನು ಮರುಕ್ಷಣವೇ ನೆಲದ ಮೇಲೆ ಬಿದ್ದಿರುತ್ತಾನೆ. ಹಕ್ಕಿನ ತಕರಾರಿನಿಂದ ಕೆಲವರ ಎಂಟ್ರಿ ಹಾಡುಗಳನ್ನೂ ಬದಲಿಸಿದ್ದಾರೆ, ಹೋಗನ್‌ನದ್ದೂ ಸೇರಿ. ಹೋಗನ್‌ನದ್ದು ಹೋದರೆ ನನಗೇನೂ ಬೇಜಾರಿಲ್ಲ.