ಶುಂಠಿ ಸೋಡಾಕ್ಕೆ ಯಾವ ಬಾಟಲಿ? ಚೆಂದದ ಕ್ಲಿಪ್ ಗಾಜೋ, ಹಳೇ ಕೋಲಾ ಬಾಟಲಿಯೋ

ಮೊದಲೇ ಹೇಳಿಬಿಡುತ್ತೇನೆ, ಕೋಲಾ ಕುಡಿದು ಮುಗಿಸಿದ ಪ್ಲಾಸ್ಟಿಕ್ ಬಾಟಲಿಯೇ ನನ್ನ ಆಯ್ಕೆ. ನೆಂಟರ ಮುಂದೆ ಇಟ್ಟರೆ ‘ಇದೇನು, ಹಳೇ ಕೋಲಾನಾ?’ ಅಂತಾರೆ. ಅನ್ನಲಿ ಬಿಡಿ. ಪ್ಯಾಕೆಟ್ ಯೀಸ್ಟ್ ಹಾಕದೆ, ಶುಂಠಿ ಸಿಪ್ಪೆಯ ಮೇಲೆ ತಾನಾಗೇ ಇರುವ, ಸಕ್ಕರೆ ತಿಂದು ಗ್ಯಾಸ್ ಬಿಡುವ ವೈಲ್ಡ್ ಯೀಸ್ಟನ್ನೇ ನಂಬಿ ಸೋಡಾ ಮಾಡುವವರಿಗೆ ಬಾಟಲಿಯ ಅಂದಕ್ಕಿಂತ ಒಳಗೆ ಎಷ್ಟು ಗ್ಯಾಸ್ ಸೇರಿದೆ ಅಂತ ಗೊತ್ತಾಗೋದೇ ಮುಖ್ಯ.

ನಾನು ಆನ್‌ಲೈನಿನಲ್ಲಿ ತರಿಸಿದ್ದು ಚೌಕಾಕಾರದ ಕ್ಲಿಪ್ ಬಾಟಲಿಗಳ ಸೆಟ್ಟು. ತಂತಿ ಒತ್ತಿದರೆ ‘ಟಕ್’ ಅಂತ ಮುಚ್ಚಿಕೊಳ್ಳುತ್ತದಲ್ಲ, ಅದು. ಒಂದು ಅಡುಗೆಮನೆ ಕಪಾಟಿನಲ್ಲೇ ಒಡೆಯಿತು. ಬಾಗಿಲು ಮುಚ್ಚಿದ್ದರಿಂದ ಬಚಾವು, ಆದರೆ ಬೇಳೆ ಡಬ್ಬಗಳ ಹಿಂದಿನಿಂದ ಗಾಜಿನ ಚೂರು ಸಿಗುವುದು ಬಹಳ ದಿನ ನಿಲ್ಲಲಿಲ್ಲ. ಚೌಕ ಬಾಟಲಿ ಗ್ಯಾಸಿಗೆ ಆಗಿಬರುವುದಿಲ್ಲ. ದುಂಡನೆಯದರಲ್ಲಿ ಒತ್ತಡ ಸುತ್ತಲೂ ಸಮನಾಗಿ ಹಂಚಿಕೊಳ್ಳುತ್ತದೆ, ಚೌಕದಲ್ಲಿ ಚಪ್ಪಟೆ ಗೋಡೆ ಹೊರಗೆ ಬಾಗಲು ನೋಡುತ್ತದೆ, ಭಾರವೆಲ್ಲ ಮೂಲೆಗೆ ಬೀಳುತ್ತದೆ. ಉಳಿದವುಗಳಲ್ಲಿ ಈಗ ಗಾಣದ ಎಣ್ಣೆ ತುಂಬಿಟ್ಟಿದ್ದೇನೆ, ಅದಕ್ಕೆ ಅವು ಚೆನ್ನಾಗೇ ಇವೆ.

ಲೆಕ್ಕ ನೋಡಿ. ಒಂದು ಲೀಟರಿನಲ್ಲಿರುವ 4 ಗ್ರಾಂ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದರೆ ಸುಮಾರು 2 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹೊರಗೆ ಬಿಟ್ಟರೆ ಅದು ಹತ್ತಿರ ಹತ್ತಿರ ಒಂದು ಲೀಟರ್ ಗ್ಯಾಸ್. ಅಂಗಡಿಯ ಕೋಲಾದಲ್ಲಿರುವುದು ಲೀಟರಿಗೆ ಸುಮಾರು ನಾಲ್ಕು ಲೀಟರ್ ಗ್ಯಾಸ್, ಅಂದರೆ 16 ಗ್ರಾಂ ಸಕ್ಕರೆ ಸಾಕು. ನಾವು ಸಿಹಿ ಇರಲಿ ಅಂತ 80 ಗ್ರಾಂ ಹಾಕಿರುತ್ತೇವೆ! ಅಷ್ಟನ್ನೂ ತಿಂದು ಮುಗಿಸಲು ಬಿಟ್ಟರೆ ಇಪ್ಪತ್ತು ಲೀಟರ್ ಗ್ಯಾಸ್. ಸರಿಯಾದ ಹೊತ್ತಿಗೆ ಫ್ರಿಜ್ಜಿಗೆ ಸೇರಿಸುವುದೊಂದೇ ದಾರಿ. ಆ ಹೊತ್ತು ಯಾವಾಗ ಅನ್ನೋದೇ ತಲೆನೋವು, ಯಾಕೆಂದರೆ ವೈಲ್ಡ್ ಯೀಸ್ಟ್ ಒಂದೊಂದು ಸಲ ಒಂದೊಂದು ಥರ. ಈ ಸಲದ ಶುಂಠಿಯಲ್ಲಿ ಏನಿದೆಯೋ, ಎಷ್ಟಿದೆಯೋ. ಬೆಂಗಳೂರಿನ ಡಿಸೆಂಬರಿನಲ್ಲಿ ನಿಧಾನಕ್ಕೆ ಏಳುವ ಬಾಟಲಿ ಏಪ್ರಿಲ್ಲಿನಲ್ಲಿ ಒಂದೇ ರಾತ್ರಿಗೆ ಬಿಗಿಯುತ್ತದೆ.

ಗಾಜಿನ ದೊಡ್ಡ ಕಿರಿಕಿರಿ ಇದೇ. ಎಷ್ಟೇ ಗ್ಯಾಸ್ ತುಂಬಲಿ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ‘ದಿನಾ ಒಮ್ಮೆ ತೆಗೆದು ಗ್ಯಾಸ್ ಬಿಡಿ’ ಅಂತಾರೆ. ಮಾಡಿ ನೋಡಿದ್ದೇನೆ. ಕ್ಲಿಪ್ ಮುಚ್ಚಳಕ್ಕೆ ಅರ್ಧ ತೆರೆಯೋದು ಅಂತ ಇಲ್ಲವೇ ಇಲ್ಲ, ಒಂದೋ ಮುಚ್ಚಿರುತ್ತದೆ, ಇಲ್ಲಾ ಹಾರುತ್ತದೆ. ಅದೂ ಬೆಚ್ಚಗಿರುವ ಬಾಟಲಿ! ಕರಗಿದ್ದ ಗ್ಯಾಸ್ ಒಮ್ಮೆಗೇ ಏಳುತ್ತದೆ, ಒಳಗಿರುವ ಶುಂಠಿಯ ನಾರು ಒಂದೊಂದೂ ಗುಳ್ಳೆ ಎಬ್ಬಿಸುತ್ತದೆ, ನೊರೆ ಕೈಮೇಲೆ, ಕಲ್ಲಿನ ಕಟ್ಟೆ ಮೇಲೆ, ಅರ್ಧ ಸೋಡಾ ಸಿಂಕಿಗೆ. ಸಕ್ಕರೆ, ಯೀಸ್ಟ್ ಎರಡೂ ಒಳಗೇ ಉಳಿದಿರುವುದರಿಂದ ಸ್ವಲ್ಪ ಹೊತ್ತಿಗೆ ಒತ್ತಡ ಮತ್ತೆ ಅಷ್ಟೇ ಆಗಿರುತ್ತದೆ. ತೆಗೆಯದೇ ಇದ್ದರೆ ಭಯ, ತೆಗೆದರೆ ನಷ್ಟ.

‘ಗಾಜಿನ ಜೊತೆ ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿಡಿ, ಅದು ಗಟ್ಟಿಯಾದರೆ ಇವೂ ಆದವು ಅಂತ ತಿಳಿಯಿರಿ’ ಅನ್ನುವ ಉಪಾಯವೂ ಇದೆ. ಪರವಾಗಿಲ್ಲ, ಆದರೆ ನನಗೆ ಪೂರ್ತಿ ನಂಬಿಕೆ ಇಲ್ಲ. ಪಾತ್ರೆಯ ತಳದ ಗಸಿ ಜಾಸ್ತಿ ಬಿದ್ದ ಬಾಟಲಿಯಲ್ಲಿ ಯೀಸ್ಟೂ ಜಾಸ್ತಿ, ಅದು ಮುಂದೆ ಓಡುತ್ತದೆ. ಅದೇ ಸಲ ತುಂಬಿದ ಇನ್ನೊಂದು, ರಬ್ಬರ್ ಸರಿಯಾಗಿ ಕೂರದೆ ಸಪ್ಪೆ.

ಪ್ಲಾಸ್ಟಿಕ್ಕಿನಲ್ಲಿ ನಾನು ಮಾಡೋದು ಇಷ್ಟೇ. ಸೋಸಿದ ಸೋಡಾ ಸುರಿದು, ಎರಡು ಬೆರಳಗಲ ಜಾಗ ಬಿಟ್ಟು, ಬಾಟಲಿಯ ಹೊಟ್ಟೆಯನ್ನು ಒಳಗೆ ಒತ್ತಿ ಹಿಡಿದು ಮುಚ್ಚಳ ತಿರುಗಿಸುತ್ತೇನೆ. ಗ್ಯಾಸ್ ಆದ ಹಾಗೆ ಆ ತಗ್ಗು ತಾನಾಗಿ ಮೇಲೆ ಬರುತ್ತದೆ, ಕೆಲವೊಮ್ಮೆ ‘ಟಪ್’ ಅಂತ ಸದ್ದೂ ಮಾಡುತ್ತದೆ. ಆಮೇಲೆ ಬೆರಳಿನಿಂದ ಒತ್ತಿ ನೋಡೋದು. ಅಂಗಡಿಯಿಂದ ತಂದ ಹೊಸ ಕೋಲಾದಷ್ಟು ಗಟ್ಟಿಯಾಯಿತೋ, ಸೀದಾ ಫ್ರಿಜ್ಜಿಗೆ. ಅಲ್ಲಿ ಯೀಸ್ಟ್ ಸಾಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ತಣ್ಣಗಿನ ನೀರು ಗ್ಯಾಸನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಒತ್ತಡವೂ ಇಳಿಯುತ್ತದೆ. ತೆಗೆಯುವಾಗ ತಿರುಪು ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿ, ‘ಸ್ಸ್’ ಅಂದಾಗ ನಿಲ್ಲಿಸಿ, ಮತ್ತೆ ಬಿಗಿ ಮಾಡಬಹುದು. ಕ್ಲಿಪ್ಪಿನಲ್ಲಿ ಇದು ಆಗುತ್ತಾ?

ದೂರೂ ಇದೆ. ಬಿಸಿನೀರು ಹಾಕಿ ತೊಳೆಯುವ ಹಾಗಿಲ್ಲ, ಸೊಟ್ಟಗಾಗುತ್ತದೆ. ಶುಂಠಿ ವಾಸನೆ ಹೋಗುವುದಿಲ್ಲ, ಹಾಗಾಗಿ ನನ್ನಲ್ಲಿ ಅದು ಶುಂಠಿಗೇ ಮೀಸಲು. ಗೀರು ಬಿದ್ದರೆ ಎಸೆಯುತ್ತೇನೆ, ಹೇಗೂ ಕಾಸು ಕೊಟ್ಟು ತಂದದ್ದಲ್ಲ. ಮಿನರಲ್ ವಾಟರಿನ ತೆಳು ಬಾಟಲಿ ಬೇಡವೇ ಬೇಡ.

ಬಿಯರ್ ಬಾಟಲಿಗೆ ಮುಚ್ಚಳ ಒತ್ತುವ ಯಂತ್ರ ಬೇಕು, ನನ್ನ ಬಜೆಟ್ಟಿಗೆ ಅದು ಅತಿಯಾಯಿತು. ಗೋಲಿಸೋಡಾ ಬಾಟಲಿಯ ಗಾಜು ದಪ್ಪಗಿರುತ್ತದೆ ನಿಜ, ಆದರೆ ಗೋಲಿ ಮೇಲೆ ಹೋಗಿ ಕೂರಬೇಕಾದರೆ ತಲೆಕೆಳಗು ಹಿಡಿದು ಒತ್ತಡದಲ್ಲಿ ತುಂಬಬೇಕು, ಮನೆ ಕೆಲಸವಲ್ಲ.

ನಾನು ಮಾಡೋದು ವಾರಕ್ಕೆ ಸಾಕಾಗುವಷ್ಟು ಮಾತ್ರ, ಅದಕ್ಕೆ ಅರ್ಧ ಲೀಟರಿನ ಪ್ಲಾಸ್ಟಿಕ್ ಸಾಕು. ತಿಂಗಳುಗಟ್ಟಲೆ ಇಡುವವರಿಗೆ ಅದು ಒಗ್ಗುವುದಿಲ್ಲ, ಗ್ಯಾಸ್ ಮೆಲ್ಲಗೆ ಸೋರಿಹೋಗುತ್ತದೆ. ಬ್ರಸೆಲ್ಸ್ ಕಡೆ ವೈಲ್ಡ್ ಯೀಸ್ಟಿನಿಂದಲೇ ಗೂಝ್ ಅನ್ನುವ ಬಿಯರ್ ಮಾಡುವವರು ಶಾಂಪೇನಿನ ಥರದ ದಪ್ಪ ಬಾಟಲಿಗೆ ತುಂಬಿ, ಕಾರ್ಕ್ ಹಾಕಿ ತಂತಿ ಕಟ್ಟುತ್ತಾರೆ. ಗಾಜೇ ಬೇಕು ಅಂದರೆ ದುಂಡನೆಯದು, ಭಾರದ್ದು, ಗ್ಯಾಸ್ ಇರುವ ಪಾನೀಯಕ್ಕೇ ಮಾಡಿದ್ದು ಅಂತ ಬರೆದಿರುವುದನ್ನೇ ತಗೊಳ್ಳಿ, ಮುಚ್ಚಳವಿರುವ ಗಟ್ಟಿ ಡಬ್ಬದೊಳಗೆ ಇಡಿ.