5 ವ್ಯಾಟ್, 3 ಉಪಗ್ರಹ: ಮಲ್ಪೆಯಲ್ಲಿ ನಿಂತು ನೋಡಿದ್ದು

ನಾನು ಹ್ಯಾಮ್, ಅಂದ್ರೆ ಪರವಾನಗಿ ಇರುವ ಹವ್ಯಾಸಿ ರೇಡಿಯೊದವ. 5 ವ್ಯಾಟ್‌ನ ಸೆಟ್ಟಿನಿಂದ ಮೂರು ಉಪಗ್ರಹಗಳ ಮೂಲಕ ದೂರದ ಹ್ಯಾಮ್‌ಗಳ ಜೊತೆ ಮಾತಾಡಿ ನೋಡುವುದು ನನ್ನ ಪ್ರಯೋಗ. ಉಡುಪಿಯ ನಮ್ಮ ಮನೆ ಟೆರೇಸಿನ ಸುತ್ತ ತೆಂಗಿನ ಮರಗಳು. ಉಪಗ್ರಹದಿಂದ ಬರುವ 437 ಮೆಗಾಹರ್ಟ್ಸ್ ಸಿಗ್ನಲ್‌ಗೆ ಒದ್ದೆ ಗರಿ ಅಂದ್ರೆ ಅರ್ಧ ಗೋಡೆ. ಹಾಗಾಗಿ ಪ್ರಯೋಗವೆಲ್ಲ ನಡೆದದ್ದು ಮಲ್ಪೆ ಬೀಚಿನಲ್ಲಿ. ಪಶ್ಚಿಮಕ್ಕೆ ಬರೀ ಸಮುದ್ರ, ಅಡ್ಡ ಬರುವುದು ಏನೂ ಇಲ್ಲ. ಕೈಯಲ್ಲಿ ನಾನೇ ಮಾಡಿದ ಯಾಗಿ, ಅಂದ್ರೆ ಒಂದೇ ದಿಕ್ಕಿಗೆ ಗುರಿ ಹಿಡಿಯುವ ಆಂಟೆನಾ: ಪಿವಿಸಿ ಪೈಪು, ಅದಕ್ಕೆ ಕತ್ತರಿಸಿ ಬಿಗಿದ ಸ್ಟೀಲ್ ಅಳತೆ ಟೇಪು. ಮೊದಲ ದಿನವೇ ಮೀನುಗಾರರೊಬ್ಬರು ಬಂದು "ಉಂದು ದಾದ ಮಾರಾಯ್ರೆ?" (ಇದೇನು ಮಾರಾಯ್ರೆ?) ಅಂತ ತುಳುವಿನಲ್ಲಿ ಕೇಳಿದರು. ಉಪಗ್ರಹದ ಜೊತೆ ಮಾತಾಡ್ತಿದ್ದೇನೆ ಅಂದೆ. ಅವರು ನಂಬಲಿಲ್ಲ.

ಶುರು ಮಾಡಿದ್ದು ಬಾಹ್ಯಾಕಾಶ ನಿಲ್ದಾಣದಿಂದ. ಅದರಲ್ಲಿರುವ ರಿಪೀಟರ್‌ಗೆ, ಅಂದ್ರೆ ಕೇಳಿದ್ದನ್ನು ಮತ್ತೆ ಪ್ರಸಾರ ಮಾಡುವ ಯಂತ್ರಕ್ಕೆ, 145.990 ಮೆಗಾಹರ್ಟ್ಸ್‌ನಲ್ಲಿ, ಮಾತಿನ ಜೊತೆ 67 ಹರ್ಟ್ಸ್‌ನ ಸಣ್ಣ ಗುರುತಿನ ಸ್ವರ (ಟೋನ್) ಹಾಕಿ ಮಾತಾಡಬೇಕು. ಉತ್ತರ 437.800ರಲ್ಲಿ ಬರುತ್ತದೆ. ಕೇಳುವುದಂತೂ ಬಹಳ ಸುಲಭ. ವಾಕಿಟಾಕಿಯ ಜೊತೆ ಬಂದ ಗಿಡ್ಡ ಆಂಟೆನಾದಲ್ಲೇ ಧ್ವನಿ ಬಂತು. ಆದರೆ ಕೇಳುವುದು ಬೇರೆ, ಒಳಗೆ ನುಗ್ಗುವುದು ಬೇರೆ. ಎಫ್‌ಎಂನಲ್ಲಿ ಜೋರಾಗಿರುವವನದೇ ರಾಜ್ಯ. ಒಂದೇ ಚಾನೆಲ್, ಹತ್ತು ಜನ, ದೊಡ್ಡ ಪವರ್‌ನವರು ಬಂದರೆ ನನ್ನ 5 ವ್ಯಾಟ್ ಮುಳುಗಿಹೋಗುತ್ತದೆ. ನನ್ನ ಅಗ್ಗದ ಸೆಟ್ಟಿನಲ್ಲಿ ಒತ್ತಿ ಮಾತಾಡುವಾಗ ಕೇಳಿಸುವುದೂ ಇಲ್ಲ. ಹೋಯ್ತೋ ಇಲ್ವೋ ಅಂತ ಗೊತ್ತಾಗದೆ ಸುಮ್ನೆ ಕಾಲ್‌ಸೈನ್ (ರೇಡಿಯೊದಲ್ಲಿ ನನ್ನ ಹೆಸರಿನ ಬದಲು ಇರುವ ಗುರುತು) ಕೂಗುವುದು. ಹತ್ತು ನಿಮಿಷದಲ್ಲಿ ನಿಲ್ದಾಣ ಮುಳುಗಿರುತ್ತದೆ. ನಾಲ್ಕನೇ ದಿನ ಓಮನ್‌ನ ಒಬ್ಬರು ನನ್ನ ಗ್ರಿಡ್, ಅಂದ್ರೆ ಭೂಪಟದಲ್ಲಿ ನಾನಿರುವ ಚೌಕದ ಗುರುತು ಎಂಕೆ73, ಸರಿಯಾಗಿ ಹೇಳಿದರು. ಆಗ ಕುಣಿದದ್ದು ನಿಜ. ಇನ್ನೊಂದು ತೊಂದರೆ: ಅಲ್ಲಿ ಬೇರೆ ಕಾರ್ಯಕ್ರಮ ಇದ್ದಾಗ ರಿಪೀಟರ್ ಆಫ್ ಆಗಿರುತ್ತದೆ. ಮೊದಲೇ ನೋಡಿಕೊಂಡು ಹೊರಡಬೇಕು.

ಎಸ್‌ಒ-50 ಇದಕ್ಕಿಂತ ಹಟಮಾರಿ. 2002ರ ಡಿಸೆಂಬರ್‌ನಲ್ಲಿ ಹಾರಿದ ಪುಟ್ಟ ಉಪಗ್ರಹ. ಅದು ಕಳಿಸುವ ಪವರ್ ಕಾಲು ವ್ಯಾಟ್ ಮಾತ್ರ. ಆಂಟೆನಾವನ್ನು ಅದರ ಕಡೆ ಹಿಡಿದರಷ್ಟೇ ಸಾಲದು, ಮಣಿಕಟ್ಟು ತಿರುಗಿಸಿ ತಿರುಗಿಸಿ ಧ್ವನಿ ಎಲ್ಲಿ ಸ್ವಚ್ಛವಾಗುತ್ತದೆ ಅಂತ ಹುಡುಕಬೇಕು. ಡಾಪ್ಲರ್‌ನಿಂದಾಗಿ, ಅಂದ್ರೆ ಉಪಗ್ರಹದ ಓಟಕ್ಕೆ ಆವರ್ತನ ಸರಿಯುವುದರಿಂದ, 436.805ರಲ್ಲಿ ಏಳುವ ಧ್ವನಿ 436.785ರಲ್ಲಿ ಮುಳುಗುತ್ತದೆ. ಅದಕ್ಕೆ ಐದು ಆವರ್ತನಗಳನ್ನು ಸೆಟ್ಟಿನ ಮೆಮೊರಿಯಲ್ಲಿ ತುಂಬಿಸಿಟ್ಟುಕೊಂಡೆ. ಆದರೂ ಎರಡು ಸಂಜೆ ಏನೂ ಕೇಳಲಿಲ್ಲ. ಆಂಟೆನಾದ ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಕೇಬಲ್ ಬದಲಿಸಿದೆ. ಕೊನೆಗೆ ನೋಡಿದರೆ ತಪ್ಪು ನನ್ನದೇ. ಯಾರಾದರೂ 74.4 ಹರ್ಟ್ಸ್ ಟೋನ್ ಕಳಿಸಿದರೆ ಮಾತ್ರ ಅದು ಎಚ್ಚರವಾಗುತ್ತದೆ, ಅದೂ ಹತ್ತು ನಿಮಿಷಕ್ಕೆ. ಯುರೋಪಿನ ಮೇಲೆ ಯಾರೋ ಎಬ್ಬಿಸಿರುತ್ತಾರೆ. ಅರಬ್ಬೀ ಸಮುದ್ರದ ಮೇಲೆ ಯಾರಿದ್ದಾರೆ? ನಾವೇ ಎಬ್ಬಿಸಬೇಕು. ಅದರ ನಂತರ ಎಸ್‌ಒ-50 ಮೇಲೆ ಪ್ರೀತಿ ಹುಟ್ಟಿತು. ನಮ್ಮ ಕಡೆ ಗಲಾಟೆ ಕಡಿಮೆ, 5 ವ್ಯಾಟ್ ಆರಾಮಾಗಿ ಸಾಕು.

ಮೂರನೆಯ ಉಪಗ್ರಹ ಆರ್‌ಎಸ್-44 ಬೇರೆಯೇ ಲೋಕ. ಇಲ್ಲಿ ಒಂದೇ ಚಾನೆಲ್ ಅಲ್ಲ. 60 ಕಿಲೋಹರ್ಟ್ಸ್ ಅಗಲದ ಟ್ರಾನ್ಸ್‌ಪಾಂಡರ್ ಇದೆ, ಆ ಅಗಲದೊಳಗೆ ಬಂದದ್ದನ್ನೆಲ್ಲ ಒಟ್ಟಿಗೆ ವಾಪಸ್ ಕಳಿಸುತ್ತದೆ. ಎಫ್‌ಎಂಗಿಂತ ಕಡಿಮೆ ಜಾಗ ಸಾಕಾಗುವ ಎಸ್‌ಎಸ್‌ಬಿ ಎನ್ನುವ ವಿಧಾನದಲ್ಲಿ ಹಲವರು ಒಟ್ಟಿಗೆ ಮಾತಾಡಬಹುದು. ಅದರಲ್ಲಿ ಎರಡು ಬಗೆ, ಎಲ್‌ಎಸ್‌ಬಿ (ಕೆಳಪಟ್ಟಿ) ಮತ್ತು ಯುಎಸ್‌ಬಿ (ಮೇಲ್ಪಟ್ಟಿ): ಮೇಲೆ ಎಲ್‌ಎಸ್‌ಬಿಯಲ್ಲಿ ಹೋದದ್ದು ಕೆಳಗೆ ಯುಎಸ್‌ಬಿಯಾಗಿ ತಿರುಗಿ ಬರುತ್ತದೆ. ಗುರುತಿನವರಿಂದ ಎಸ್‌ಎಸ್‌ಬಿ ಇರುವ ಎಫ್‌ಟಿ-818 ಎನ್ನುವ ಪುಟ್ಟ ರೇಡಿಯೊ ಒಂದು ತಂದು 5 ವ್ಯಾಟ್‌ಗೆ ಇಟ್ಟೆ. ಕೇಳುವುದಕ್ಕೆ ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೊ ಡಾಂಗಲ್ ಮತ್ತು ಹಳೇ ಲ್ಯಾಪ್‌ಟಾಪ್. ಹೆಡ್‌ಫೋನ್ ಹಾಕಿಕೊಂಡು "ಹಲೋ" ಅಂದರೆ ನನ್ನ ಧ್ವನಿಯೇ ಸಾವಿರಾರು ಕಿಲೋಮೀಟರ್ ಸುತ್ತಿ ವಾಪಸ್ ಬರುತ್ತದೆ, ಮೊದಲು ಬಾತುಕೋಳಿಯ ಹಾಗೆ, ಟ್ಯೂನ್ ಮಾಡುತ್ತ ಹೋದರೆ ನನ್ನ ಹಾಗೆ. ಮೈ ಜುಂ ಅಂದಿತು. ಹೋಯ್ತೋ ಇಲ್ವೋ ಅನ್ನುವ ಗೊಂದಲ ಅಲ್ಲಿಗೆ ಮುಗಿಯಿತು.

ಇಲ್ಲಿ ಜಾಸ್ತಿ ಪವರ್ ಇರುವುದೇ ತಪ್ಪು. ಉಪಗ್ರಹದ ಪವರ್ ಎಲ್ಲರಿಗೂ ಹಂಚಿಹೋಗುತ್ತದೆ, ಒಬ್ಬ ಅಬ್ಬರಿಸಿದರೆ ಉಳಿದವರ ಪಾಲು ಕಡಿಮೆ. ಬೀಕನ್‌ಗಿಂತ, ಅಂದ್ರೆ ಉಪಗ್ರಹವೇ ಕಳಿಸುವ ಗುರುತಿನ ಸಿಗ್ನಲ್‌ಗಿಂತ, ಜೋರಾಗಿ ಕೇಳಿಸಬಾರದು ಅನ್ನುವುದು ಮರ್ಯಾದೆ. ಎತ್ತರ ಹೆಚ್ಚುಕಡಿಮೆ 1,200ರಿಂದ 1,500 ಕಿಲೋಮೀಟರ್, ಹಾಗಾಗಿ ಒಳ್ಳೆಯ ಪಾಸ್ (ಉಪಗ್ರಹ ಏಳುವಲ್ಲಿಂದ ಮುಳುಗುವವರೆಗೆ) 20 ನಿಮಿಷ ದಾಟುತ್ತದೆ. ಥಾಯ್ಲೆಂಡಿನವರೊಬ್ಬರ ಜೊತೆ ಗ್ರಿಡ್ ಹೇಳಿ ಮುಗಿಸದೆ, ಅಲ್ಲಿನ ಮಳೆಯ ಬಗ್ಗೆಯೂ ಮಾತಾಡಿದೆ. 2005ರಲ್ಲಿ ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಕೂಡ ಹೀಗೇ ಕೆಲಸ ಮಾಡುತ್ತಿತ್ತು. 2014ರಲ್ಲಿ ಅದು ನಿಂತಿತು, ನಾನು ತಡವಾಗಿ ಬಂದೆ.

ಖರ್ಚು ನೋಡಿದರೆ ಆರ್‌ಎಸ್-44 ದುಬಾರಿ. ಕೈಗಳೂ ಮೂರು ಬೇಕು: ಆಂಟೆನಾಗೆ ಒಂದು, ಮೈಕ್‌ಗೆ ಒಂದು, ಮೌಸ್‌ಗೆ ಒಂದು. ನಾನು ಆಂಟೆನಾವನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿದೆ. ಪರವಾನಗಿ ಹೊಸದಾಗಿ ಬಂದವರು, ವಾಕಿಟಾಕಿ ಮಾತ್ರ ಇರುವವರು ಎಸ್‌ಒ-50 ಹಿಡಿಯಲಿ, ನಿಲ್ದಾಣ ಅಲ್ಲ. ಮನೆಗೆ ನೆಂಟರು ಬಂದಾಗ ಮಾತ್ರ ನಾನು ನಿಲ್ದಾಣ ತೋರಿಸುತ್ತೇನೆ, ಮಕ್ಕಳಿಗೆ ಖುಷಿ. ಒಬ್ಬನೇ ಇದ್ದರೆ ಆರ್‌ಎಸ್-44.

ಅಂದ ಹಾಗೆ, ಟೇಪಿನ ಆಂಟೆನಾಗೆ ಬಣ್ಣ ಹಚ್ಚಿ. ನನ್ನದು ಮಲ್ಪೆಯ ಉಪ್ಪು ಗಾಳಿಗೆ ಎರಡೇ ತಿಂಗಳಲ್ಲಿ ತುಕ್ಕು ಹಿಡಿಯಿತು.