ಇರುಳ ಮಳೆಗೆ ಅತಿಗೆಂಪು ಚಿತ್ರವೋ, ಮೈಕ್ರೋವೇವ್ ಅಂದಾಜೋ?

ಬೆಂಗಳೂರಿನ ಇರುಳ ಮಳೆಯನ್ನು ಉಪಗ್ರಹದಿಂದ ಗುರುತಿಸಲು ಯಾವುದನ್ನು ನೆಚ್ಚಬೇಕೆಂದು ಕೇಳಿದ್ದೀರಿ. ಕತ್ತಲಲ್ಲಿ ಸಾಮಾನ್ಯ ಬೆಳಕಿನ ಚಿತ್ರ ಉಪಯೋಗಕ್ಕೆ ಬಾರದು. ಉಳಿಯುವುದು ಎರಡು ದಾರಿ.

ಭಾರತದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್‌ನ ಅತಿಗೆಂಪು (ಇನ್ಫ್ರಾರೆಡ್) ಚಿತ್ರ ಅರ್ಧ ಗಂಟೆಗೊಮ್ಮೆ, ಸುಮಾರು 4 ಕಿ.ಮೀ. ವಿವರದಲ್ಲಿ ದೊರೆಯುತ್ತದೆ. ಆದರೆ ಅದು ಅಳೆಯುವುದು ಮಳೆಯನ್ನಲ್ಲ, ಮೋಡದ ನೆತ್ತಿಯ ತಾಪವನ್ನು. ಹೀಗಾಗಿ ನೆತ್ತಿ ಬಲು ಎತ್ತರದಲ್ಲಿದ್ದು ತಣ್ಣಗಿರುವ ಮೇ ತಿಂಗಳ ಗುಡುಗುಮೋಡಗಳು ಎದ್ದು ಕಾಣುತ್ತವೆಯಾದರೂ, ಹನಿ ಉದುರಿಸದ ಎತ್ತರದ ಮೋಡವೂ ಅಷ್ಟೇ ತಣ್ಣಗೆ ತೋರಿ ದಾರಿ ತಪ್ಪಿಸುತ್ತದೆ, ಜುಲೈನ ಜಿಟಿಜಿಟಿ ಮಳೆ ತರುವ ತಗ್ಗಿನ ಮೋಡ ಕಣ್ತಪ್ಪಿಹೋಗುತ್ತದೆ.

ಮೈಕ್ರೋವೇವ್ ಸಂವೇದಕವಾದರೋ ಮೋಡದೊಳಗಿನ ಹನಿ, ಹಿಮಕಣಗಳನ್ನೇ ಗ್ರಹಿಸುತ್ತದೆ. ಮುಖ್ಯವಾಗಿ ಅದನ್ನು ಆಧರಿಸಿದ, ನಾಸಾದ ಐಮರ್ಜ್ ಎಂಬ ಮಳೆ ಅಂದಾಜು ಉಚಿತ. ಆದರೆ ಸುಮಾರು 4 ಗಂಟೆ ತಡ, ಮತ್ತು ಅದರ 10 ಕಿ.ಮೀ. ಚೌಕ ಜಯನಗರವನ್ನು ಬಸವನಗುಡಿಯಿಂದ ಬೇರ್ಪಡಿಸಲಾರದು.

ಮೋಡ ಈಗ ಎತ್ತ ಸಾಗುತ್ತಿದೆಯೆಂದು ತಿಳಿಯಬೇಕಾದವರಿಗೆ ಅತಿಗೆಂಪು ಚಿತ್ರಸರಣಿ ಒದಗುತ್ತದೆ. ಕಳೆದಿರುಳು ಎಷ್ಟು ಸುರಿಯಿತೆಂದು ಲೆಕ್ಕ ಹಾಕುವವರಿಗೆ ಐಮರ್ಜ್ ಮೇಲು.